ಹೊಗಳಿಕೆ ಕೇಳೋಕೆ ಹೋದ ಪುಟ್ಟಪ್ಪ (ಹಳೇ ಪುಟಗಳು, ಭಾಗ 6)

ಕವಿತೆ ಹಾಕಿದ ತಕ್ಷಣ ಕೆಳಗೆ ಏನ್ ಬರುತ್ತೆ? ಹಾರ್ಟು, ಬೆಂಕಿ, "ಸೂಪರ್ ಮಗಾ". ನಮಗೆ ಬೇಕಿರೋದೂ ಬಹಳ ಸಲ ಅಷ್ಟೇ. ನೂರು ವರ್ಷದ ಹಿಂದೆ ಮೈಸೂರಲ್ಲಿ ಓದ್ತಿದ್ದ ಒಬ್ಬ ಮಲೆನಾಡಿನ ಹುಡುಗನಿಗೂ ಅದೇ ಬೇಕಿತ್ತು.

1924. ತೀರ್ಥಹಳ್ಳಿ ಕಡೆಯ ಕುಪ್ಪಳಿಯಿಂದ ಬಂದ ಕೆ.ವಿ. ಪುಟ್ಟಪ್ಪನವರಿಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆದರೆ ಆಗಲೇ ಒಂದು ಪುಸ್ತಕ ಬಂದಿತ್ತು: 'ಬಿಗಿನರ್ಸ್ ಮ್ಯೂಸ್', 1922. ಹೌದು, ಇಂಗ್ಲಿಷ್ ಪುಸ್ತಕ. ನಮ್ಮ ಕುವೆಂಪು ಶುರು ಮಾಡಿದ್ದು ಇಂಗ್ಲಿಷ್ ಕವಿಯಾಗಿ! ಶಾಲೆಯಲ್ಲಿ ಓದಿದ ಇಂಗ್ಲಿಷ್ ಕವಿಗಳೇ ಅವರ ಮಾದರಿ.

ಆಗ ಮೈಸೂರಿಗೆ ಜೇಮ್ಸ್ ಕಸಿನ್ಸ್ ಬಂದಿದ್ರು. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಐರಿಷ್ ಕವಿ, ಆನಿ ಬೆಸೆಂಟ್ ಕರೆದರೆಂದು 1915ರಲ್ಲಿ ಭಾರತಕ್ಕೆ ಬಂದು ಇಲ್ಲೇ ಉಳಿದವರು. (ಇವರ ಹೆಂಡತಿ ಮಾರ್ಗರೆಟ್ ಕಸಿನ್ಸ್. 1919ರಲ್ಲಿ ಟ್ಯಾಗೋರ್ ಮದನಪಲ್ಲಿಗೆ ಬಂದಾಗ 'ಜನ ಗಣ ಮನ'ದ ಧಾಟಿಯನ್ನು ಸ್ವರ ಹಾಕಿ ಬರೆದಿಟ್ಟವರು ಅವರೇ.) ಅಂಥವರಿಗೆ ಕವಿತೆ ತೋರಿಸೋ ಅವಕಾಶ ಸಿಕ್ಕರೆ ಯಾರು ಬಿಡ್ತಾರೆ? ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವಿತೆಗಳನ್ನು ತಗೊಂಡು ಹೋದರು.

ಕಸಿನ್ಸ್ ಓದಿದರು, ಮೆಚ್ಚಲಿಲ್ಲ. ಈ ಸಾಲು ತಿದ್ದು, ಆ ಪದ ಬದಲಿಸು ಅಂತಲೂ ಅನ್ನಲಿಲ್ಲ. ಇದೆಲ್ಲ ಸರಿ, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಅನ್ನೋ ಅರ್ಥದ ಪ್ರಶ್ನೆ ಕೇಳಿಬಿಟ್ಟರು. ಹುಡುಗನ ಮೈಮೇಲೆ ಇದ್ದದ್ದು ಖಾದಿ. ಬಟ್ಟೆ ಸ್ವದೇಶಿ, ಕವಿತೆ ಮಾತ್ರ ವಿದೇಶಿ ಅನ್ನೋದೂ ಅವರ ಕಣ್ಣಿಗೆ ಬಿತ್ತು.

ಪುಟ್ಟಪ್ಪ ತಲೆಯಾಡಿಸಿ ಬರಲಿಲ್ಲ, ವಾದ ಮಾಡಿದರು. ಹೊಸ ರೀತಿಯ ಭಾವಕ್ಕೆ ಬೇಕಾದ ಛಂದಸ್ಸಿನ ವೈವಿಧ್ಯ ಕನ್ನಡದಲ್ಲಿ ಎಲ್ಲಿದೆ ಅಂತ. ಇದನ್ನು ಬರೀ ಹಟ ಅಂತ ನಾನು ಒಪ್ಪಲ್ಲ. ಕಣ್ಮುಂದೆ ಇದ್ದದ್ದು ಕಂದ, ವೃತ್ತ, ಷಟ್ಪದಿ. ಇಂಗ್ಲಿಷ್ ಭಾವಗೀತೆಗಳನ್ನು ಕನ್ನಡದ ಹೊಸ ಮಟ್ಟುಗಳಿಗೆ ತಂದ ಬಿ.ಎಂ.ಶ್ರೀ. ಅವರ 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂದದ್ದೇ 1926ರಲ್ಲಿ. ಅಂದ್ರೆ ಹುಡುಗ ಹೇಳಿದ್ದರಲ್ಲಿ ನಿಜ ಇತ್ತು.

ಕಸಿನ್ಸ್ ಕೊಟ್ಟ ಉತ್ತರ ಟ್ಯಾಗೋರ್. ಬಂಗಾಳಿಯೂ ಹಾಗೇ ಇತ್ತು, ಒಬ್ಬ ಕವಿ ಬಂದು ಮಾಡಿ ತೋರಿಸಿದ. ನೀನೂ ಮಾಡು.

ಇಲ್ಲೊಂದು ತಮಾಷೆ ಇದೆ. ತಾಯ್ನುಡಿಯಲ್ಲಿ ಬರಿ ಅಂದ ಈ ಐರಿಷ್ ಕವಿ ಸ್ವತಃ ಬರೀತಿದ್ದದ್ದು ಇಂಗ್ಲಿಷ್‌ನಲ್ಲೇ, ಐರ್ಲೆಂಡಿನ ಹಳೆಯ ನುಡಿಯಲ್ಲಲ್ಲ. ಕನ್ನಡದ ವಿದ್ವಾಂಸರಂತೂ ಅಲ್ಲವೇ ಅಲ್ಲ. "ನೀನ್ಯಾರಯ್ಯ ಹೇಳೋಕೆ" ಅಂತ ಪುಟ್ಟಪ್ಪ ಅಂದುಕೊಂಡಿದ್ದರೂ ನಾವು ತಪ್ಪು ಹೇಳೋ ಹಾಗಿರಲಿಲ್ಲ. ಆದರೆ ಕಸಿನ್ಸ್ ಐರ್ಲೆಂಡಿನಲ್ಲಿ ಯೇಟ್ಸ್ ಜೊತೆಯವರ ಸಾಹಿತ್ಯ ಚಳವಳಿ ಕಂಡವರು. ನೆಲದ ಕಥೆ, ನೆಲದ ನೆನಪು ಒಂದು ಸಾಹಿತ್ಯವನ್ನು ಹೇಗೆ ಎಬ್ಬಿಸುತ್ತೆ ಅಂತ ಹತ್ತಿರದಿಂದ ನೋಡಿದ್ದರು.

ಪುಟ್ಟಪ್ಪ ಮುನಿಸಿಕೊಂಡೇ ವಾಪಸ್ ಬಂದರು. ನನಗೆ ಈ ಕಥೆಯಲ್ಲಿ ಇಷ್ಟವಾಗೋದು ಈ ಮುನಿಸೇ. ಅದನ್ನು ಅವರು ಮುಚ್ಚಿಡಲಿಲ್ಲ, ಆತ್ಮಕಥೆ 'ನೆನಪಿನ ದೋಣಿಯಲ್ಲಿ' ಈ ಪ್ರಸಂಗವನ್ನು ತಾವೇ ಬರೆದಿದ್ದಾರೆ. ಮುನಿಸಿದ್ದರೂ ಕೈ ಕನ್ನಡಕ್ಕೆ ಹೋಯ್ತು. ಅದೇ 1924ರಲ್ಲಿ ಮಕ್ಕಳಿಗಾಗಿ 'ಅಮಲನ ಕಥೆ', 1930ರಲ್ಲಿ 'ಕೊಳಲು' ಕವನ ಸಂಕಲನ. ಮುಂದೆ 'ಶ್ರೀ ರಾಮಾಯಣ ದರ್ಶನಂ', ಕನ್ನಡಕ್ಕೆ ಮೊದಲ ಜ್ಞಾನಪೀಠ. ಅದರ ಛಂದಸ್ಸು ಯಾವುದು ಗೊತ್ತಾ? ಹಳೆಯ ಷಟ್ಪದಿ ಅಲ್ಲ, ಅವರೇ ಕಟ್ಟಿಕೊಂಡ ಮಹಾಛಂದಸ್ಸು. ಕನ್ನಡದಲ್ಲಿ ಎಲ್ಲಿದೆ ಅಂತ ಕೇಳಿದವರೇ ಮಾಡಿ ಇಟ್ಟರು.

ಆ ಮಹಾಕಾವ್ಯವನ್ನು ಅವರು ಅರ್ಪಿಸಿದ್ದು ಕಸಿನ್ಸ್‌ಗಲ್ಲ, ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಅದು ಬರೋ ಹೊತ್ತಿಗೆ ವೆಂಕಣ್ಣಯ್ಯ ತೀರಿಕೊಂಡು ಹತ್ತು ವರ್ಷವಾಗಿತ್ತು. ಒಂದು ಭೇಟಿಯಲ್ಲಿ ದಾರಿ ತಿರುಗಿಸಿದವರು ಒಬ್ಬರು, ಆ ದಾರಿಯಲ್ಲಿ ವರ್ಷಗಟ್ಟಲೆ ಜೊತೆಗಿದ್ದವರು ಇನ್ನೊಬ್ಬರು. ನಾವು ಮೊದಲನೆಯವರ ಕಥೆಯನ್ನೇ ಹೆಚ್ಚು ಹೇಳ್ತೀವಿ, ಅದರಲ್ಲಿ ಡ್ರಾಮಾ ಇದೆ ನೋಡಿ.

ಹಳೆಯ ಇಂಗ್ಲಿಷ್ ಕವಿತೆಗಳು ಏನಾದವು? ಅವರು ಸುಟ್ಟುಹಾಕಲಿಲ್ಲ. 1973ರಲ್ಲಿ, ಎಪ್ಪತ್ತರ ಹತ್ತಿರದಲ್ಲಿದ್ದಾಗ, ಇಂಗ್ಲಿಷ್ ಕವಿತೆಗಳ ಒಂದು ಸಂಕಲನ ಹೊರಗೆ ಬಂತು. ಹೆಸರು 'ಏಲಿಯನ್ ಹಾರ್ಪ್'. ಪರಕೀಯ ವೀಣೆ ಅನ್ನಬಹುದೇನೋ.