‘ನಿರಪಾಯ’ ಎಂದು ಕರೆದ ಕಾಯಿಲೆ

ಗಡ್ಡೆಯಿಲ್ಲ, ಸೋಂಕಿಲ್ಲ, ಆದರೂ ಮೆದುಳಿನ ಸುತ್ತಲಿನ ದ್ರವದ ಒತ್ತಡ ಏರುತ್ತದೆ. ತಲೆನೋವು ಬಿಡುವುದಿಲ್ಲ, ದೃಷ್ಟಿ ಮಂಜಾಗುತ್ತದೆ. ಈ ಕಾಯಿಲೆ ಹೆಚ್ಚಾಗಿ ಬರುವುದು ಹೆರುವ ವಯಸ್ಸಿನ ಹೆಂಗಸರಿಗೆ.

ಬೆನ್ನಿಗೆ ಸೂಜಿ ಚುಚ್ಚಿ ಈ ದ್ರವ ತೆಗೆಯುವ ವಿಧಾನವನ್ನು ಜರ್ಮನಿಯ ಹೈನ್ರಿಕ್ ಕ್ವಿಂಕೆ 1891ರಲ್ಲಿ ವಿವರಿಸಿದರು. 1904ರಲ್ಲಿ ಮ್ಯಾಕ್ಸ್ ನಾನ್ನೆ ಕಾಯಿಲೆಯನ್ನು ಮೆದುಳಿನ ‘ಹುಸಿಗಡ್ಡೆ’ ಎಂದರು. 1955ರಲ್ಲಿ ಫೋಲಿ ‘ನಿರಪಾಯ’ ಎಂಬ ವಿಶೇಷಣ ಕೊಟ್ಟರು. ಜೀವದ ಮಟ್ಟಿಗೆ ಅದು ಸರಿ. ಕಣ್ಣಿನ ಮಟ್ಟಿಗೆ? 1982ರಲ್ಲಿ ಅಮೆರಿಕದ ಜೇಮ್ಸ್ ಕಾರ್ಬೆಟ್ ಮತ್ತು ಸಂಗಡಿಗರು, 5ರಿಂದ 41 ವರ್ಷಗಳ ಅವಧಿಯಲ್ಲಿ ಗಮನಿಸಲಾದ 57 ರೋಗಿಗಳ ವಿವರ ಪ್ರಕಟಿಸಿದರು. 14 ಮಂದಿಗೆ ಒಂದು ಅಥವಾ ಎರಡೂ ಕಣ್ಣುಗಳ ದೃಷ್ಟಿ ತೀವ್ರವಾಗಿ ಕುಂದಿತ್ತು.

ವಿಚಿತ್ರವೆಂದರೆ, ‘ನಿರಪಾಯ’ ಎಂದ ಕಾಯಿಲೆಗೇ ಹೆದರಿ ಬಸಿರು ತೆಗೆಸುವ ಸಲಹೆಯೂ ಇತ್ತು. 1984ರಲ್ಲಿ ಕ್ಯಾಥ್ಲೀನ್ ಡಿಗ್ರಿ, ಮೈಕೆಲ್ ವಾರ್ನರ್ ಹಾಗೂ ಕಾರ್ಬೆಟ್ ಅದನ್ನು ಅಲ್ಲಗಳೆದರು: ದೃಷ್ಟಿಯ ವಿಷಯದಲ್ಲಿ ಬಸಿರಿಯರ ಸ್ಥಿತಿ ಉಳಿದ ರೋಗಿಗಳಿಗಿಂತ ಬೇರೆಯಲ್ಲ; ಕಾಯಿಲೆ ತಡೆಯಲೆಂದು ಗರ್ಭಪಾತ ಬೇಕಿಲ್ಲ.

ಇಂದಿನ ಆರೈಕೆ ಈ ಎರಡು ಅಧ್ಯಯನಗಳು ತೋರಿದ ದಾರಿಯಲ್ಲೇ ಇದೆ. ಬಸಿರಿನುದ್ದಕ್ಕೂ ಕಣ್ಣಿನ ನರ ಮತ್ತು ದೃಷ್ಟಿವ್ಯಾಪ್ತಿಯ ಪರೀಕ್ಷೆ, ತೂಕ ಮಿತಿಮೀರದಂತೆ ನಿಗಾ. ಅಸೆಟಜೋಲಮೈಡ್ ಕೊಡುವ ಮುನ್ನ ಮಗುವಿಗಿರಬಹುದಾದ ಅಪಾಯವನ್ನು ತೂಗಿ ನೋಡುತ್ತಾರೆ, ಟೋಪಿರಮೇಟ್ ಬೇಡವೆನ್ನುತ್ತಾರೆ. ದೃಷ್ಟಿ ವೇಗವಾಗಿ ಇಳಿದರೆ ಸೂಜಿಯಿಂದ ದ್ರವ ತೆಗೆದು ಒತ್ತಡ ಇಳಿಸುವುದುಂಟು, ಶಸ್ತ್ರಚಿಕಿತ್ಸೆಯೂ ಉಂಟು. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ.

ಈಗಿನ ಹೆಸರಿನಲ್ಲಿ ‘ನಿರಪಾಯ’ ಇಲ್ಲ. ‘ಕಾರಣ ತಿಳಿಯದ’ ಎಂದಷ್ಟೇ ಇದೆ.