ಪ್ರಭುತ್ವದ ಉಗಮ ಮತ್ತು ಅರಾಜಕತಾವಾದಿ ವಿಮರ್ಶೆ

ಒಂದು ಭೂಪ್ರದೇಶದ ಮೇಲೆ ಹಿಡಿತ ಸಾಧಿಸಿ, ಅಲ್ಲಿನ ಜನರಿಂದ ತೆರಿಗೆ ಪಡೆದು, ಕಾನೂನು ವಿಧಿಸಿ, ಮೀರಿದವರನ್ನು ದಂಡಿಸುವ ಹಕ್ಕು ತನಗೆ ಮಾತ್ರ ಉಂಟೆಂದು ಸಾರುವ ಸಂಸ್ಥೆಯೇ ಪ್ರಭುತ್ವ. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1919ರ ಉಪನ್ಯಾಸವೊಂದರಲ್ಲಿ ನ್ಯಾಯಬದ್ಧ ಬಲಪ್ರಯೋಗದ ಏಕಸ್ವಾಮ್ಯವನ್ನು ಇದರ ಮುಖ್ಯ ಲಕ್ಷಣವೆಂದು ಗುರುತಿಸಿದ. ಆಧುನಿಕ ಮಾನವ ಭೂಮಿಯ ಮೇಲೆ ಬದುಕತೊಡಗಿ ಸುಮಾರು 3 ಲಕ್ಷ ವರ್ಷಗಳಾದರೆ, ಪ್ರಭುತ್ವಕ್ಕೆ ಸುಮಾರು 5,000 ವರ್ಷಗಳ ಇತಿಹಾಸವಷ್ಟೇ ಇದೆ. ಅದು ಹೇಗೆ ಹುಟ್ಟಿತು, ಅದಿಲ್ಲದೆ ಮನುಷ್ಯರು ಕೂಡಿ ಬಾಳಬಲ್ಲರೆ ಎಂಬ ಪ್ರಶ್ನೆಗಳು ರಾಜ್ಯಶಾಸ್ತ್ರದ ಬುಡದಲ್ಲಿವೆ. ಎರಡನೆಯ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಿದವರು ಅರಾಜಕತಾವಾದಿಗಳು.

ಮೊದಲ ಪ್ರಭುತ್ವಗಳು

ಮೆಸೊಪೊಟೇಮಿಯ, ಈಜಿಪ್ಟ್, ಚೀನ, ಮಧ್ಯ ಅಮೆರಿಕ ಮತ್ತು ಆಂಡೀಸ್ ಪ್ರದೇಶಗಳಲ್ಲಿ ಹೊರಗಿನ ಮಾದರಿಯಿಲ್ಲದೆಯೇ ಪ್ರಭುತ್ವಗಳು ಬೆಳೆದವು. ಉಳಿದ ಬಹುಪಾಲು ಪ್ರಭುತ್ವಗಳು ಮೊದಲೇ ಇದ್ದವುಗಳ ಒತ್ತಡದಿಂದಲೋ ಅನುಕರಣೆಯಿಂದಲೋ ಹುಟ್ಟಿದವು. ಸಿಂಧೂ ಕಣಿವೆಯಲ್ಲಿ ದೊಡ್ಡ ನಗರಗಳಿದ್ದರೂ ಅರಮನೆ, ರಾಜಸಮಾಧಿಗಳನ್ನು ಖಚಿತವಾಗಿ ಗುರುತಿಸಲು ಆಗಿಲ್ಲವಾದ್ದರಿಂದ ಅಲ್ಲಿನ ಆಡಳಿತದ ಸ್ವರೂಪದ ಬಗ್ಗೆ ಚರ್ಚೆ ನಡೆದೇ ಇದೆ.

ಇಂದಿನ ದಕ್ಷಿಣ ಇರಾಕಿನ ಉರುಕ್ ನಗರ ಈ ಬೆಳವಣಿಗೆಯ ಸ್ಪಷ್ಟ ಸಾಕ್ಷಿ. ಕ್ರಿ.ಪೂ. 4ನೆಯ ಸಹಸ್ರಮಾನದ ಕೊನೆಯ ಹೊತ್ತಿಗೆ ಅಲ್ಲಿ ಭಾರಿ ದೇವಾಲಯ ಸಮುಚ್ಚಯಗಳು ಎದ್ದಿದ್ದವು. ಅಲ್ಲಿ ಸಿಕ್ಕಿರುವ ಅತಿ ಹಳೆಯ ಮಣ್ಣಿನ ಫಲಕಗಳಲ್ಲಿ ಬಹುಪಾಲು ಲೆಕ್ಕಪತ್ರಗಳು: ಬಾರ್ಲಿ, ಕುರಿಮಂದೆ, ಕೆಲಸಗಾರರಿಗೆ ಅಳೆದುಕೊಟ್ಟ ಪಡಿ. ಇಲ್ಲಿ ಬರವಣಿಗೆ ಮೊದಲು ನೆರವಾದದ್ದು ಉಗ್ರಾಣದ ಲೆಕ್ಕಕ್ಕೆ. ಅಮೆರಿಕದ ವಿದ್ವಾಂಸ ಜೇಮ್ಸ್ ಸಿ. ಸ್ಕಾಟ್ ತನ್ನ 2017ರ ಕೃತಿಯಲ್ಲಿ ಮುಂದಿಟ್ಟ ವಾದ ಇದಕ್ಕೆ ಹೊಂದುತ್ತದೆ. ಗೋಧಿ, ಬಾರ್ಲಿ, ಭತ್ತಗಳು ನೆಲದ ಮೇಲೆ ಎದ್ದು ಕಾಣುತ್ತವೆ, ಒಂದೇ ಕಾಲಕ್ಕೆ ಕೊಯ್ಲಿಗೆ ಬರುತ್ತವೆ, ಅಳೆಯಲು, ಸಾಗಿಸಲು, ಕೂಡಿಡಲು ಸುಲಭ. ನೆಲದೊಳಗೆ ಬೆಳೆದು, ಬೇಕಾದಾಗ ಅಗೆದುಕೊಳ್ಳಬಹುದಾದ ಗೆಡ್ಡೆಗಳ ಮೇಲೆ ತೆರಿಗೆ ಹಾಕುವುದು ಅಷ್ಟು ಸುಲಭವಲ್ಲ. ಬೇಸಾಯ ಶುರುವಾಗಿ ಹಲವು ಸಾವಿರ ವರ್ಷಗಳ ತನಕ ಪ್ರಭುತ್ವ ತಲೆಯೆತ್ತಲಿಲ್ಲ ಎಂಬುದೂ ಗಮನಾರ್ಹ. ಬೆಳೆ ಇದ್ದ ಮಾತ್ರಕ್ಕೆ ರಾಜ ಹುಟ್ಟುವುದಿಲ್ಲ. ಬೆಳೆದದ್ದನ್ನು ಕಸಿಯುವ ಏರ್ಪಾಡು ಬೇಕು.

ಉಗಮದ ಸಿದ್ಧಾಂತಗಳು

ಒಪ್ಪಂದ ಸಿದ್ಧಾಂತದ ಪ್ರಕಾರ ಜನರೇ ಕೂಡಿ ಪ್ರಭುತ್ವವನ್ನು ಕಟ್ಟಿಕೊಂಡರು. ಯುರೋಪಿನಲ್ಲಿ ತತ್ವಜ್ಞಾನಿ ಹಾಬ್ಸ್ 1651ರಲ್ಲಿ ಇದನ್ನು ವಿಸ್ತಾರವಾಗಿ ಮಂಡಿಸುವುದಕ್ಕೆ ಬಹಳ ಮುಂಚೆಯೇ ಭಾರತದಲ್ಲಿ ಇಂಥ ಕಥನಗಳಿದ್ದವು. ಮಹಾಭಾರತದ ಶಾಂತಿಪರ್ವದಲ್ಲಿ, ಬಲಿಷ್ಠರು ದುರ್ಬಲರನ್ನು ನುಂಗುವ ಮತ್ಸ್ಯನ್ಯಾಯಕ್ಕೆ ಹೆದರಿದ ಜನ ಮನುವನ್ನು ರಾಜನಾಗಿ ಒಪ್ಪಿಸಿ, ಪಶು ಮತ್ತು ಚಿನ್ನದಲ್ಲಿ 50ರಲ್ಲೊಂದು, ಧಾನ್ಯದಲ್ಲಿ 10ರಲ್ಲೊಂದು ಪಾಲು ಕೊಡಲು ಒಪ್ಪುತ್ತಾರೆ. ಪಾಲಿ ಭಾಷೆಯ ದೀಘನಿಕಾಯದ ಅಗ್ಗಞ್ಞ ಸುತ್ತದಲ್ಲಿ ಹೊಲಗಳಿಗೆ ಗಡಿ ಬಿದ್ದ ಮೇಲೆ ಕಳ್ಳತನ ಹುಟ್ಟುತ್ತದೆ. ಅದನ್ನು ತಡೆಯಲು ಜನ ಮಹಾಸಮ್ಮತನನ್ನು ಆರಿಸಿ ತಮ್ಮ ಭತ್ತದಲ್ಲಿ ಪಾಲು ಕೊಡುತ್ತಾರೆ.

ವರ್ಗ ಸಿದ್ಧಾಂತ ಎಂಗೆಲ್ಸ್‌ನದು. ಕುಟುಂಬ, ಖಾಸಗಿ ಆಸ್ತಿ ಮತ್ತು ಪ್ರಭುತ್ವದ ಉಗಮವನ್ನು ಕುರಿತ 1884ರ ಗ್ರಂಥದಲ್ಲಿ ಆತ, ಉಳ್ಳವರು ಇಲ್ಲದವರನ್ನು ಅಂಕೆಯಲ್ಲಿಡಲು ಪ್ರಭುತ್ವ ಮೂಡಿತೆಂದು ವಾದಿಸಿದ. ಫ್ರಾಂಜ್ ಒಪನ್‌ಹೈಮರ್ ಆಕ್ರಮಣವೇ ಮೂಲವೆಂದ: ಗೆದ್ದವರು ಸೋತವರ ದುಡಿಮೆಯನ್ನು ಒಮ್ಮೆ ದೋಚಿ ಹೋಗುವ ಬದಲು ಅಲ್ಲೇ ನೆಲೆಸಿ ವರ್ಷವರ್ಷವೂ ಕಪ್ಪ ಪಡೆಯತೊಡಗಿದರು. ಕಾರ್ಲ್ ವಿಟ್‌ಫೋಗೆಲ್ 1957ರಲ್ಲಿ ದೊಡ್ಡ ನೀರಾವರಿ ಕಾಮಗಾರಿಗಳ ನಿರ್ವಹಣೆ ನಿರಂಕುಶ ಆಡಳಿತಕ್ಕೆ ದಾರಿಯಾಯಿತೆಂದ. ಆದರೆ ಎಷ್ಟೋ ಕಡೆ ಕಾಲುವೆಗಳನ್ನು ಊರಿನವರೇ ನೋಡಿಕೊಂಡದ್ದು ಈ ವಾದವನ್ನು ದುರ್ಬಲಗೊಳಿಸಿತು. ರಾಬರ್ಟ್ ಕಾರ್ನೀರೋ 1970ರಲ್ಲಿ ಭೂಗೋಳದ ಕಡೆ ಗಮನ ಸೆಳೆದ. ವಿಶಾಲವಾದ ಅಮೆಜಾನ್ ಕಾಡಿನಲ್ಲಿ ಸೋತ ಹಳ್ಳಿಯವರು ಬೇರೆಡೆಗೆ ಸರಿದು ಬದುಕಬಹುದಿತ್ತು. ಮರುಭೂಮಿ, ಬೆಟ್ಟ, ಕಡಲುಗಳ ನಡುವೆ ಸಿಕ್ಕಿಕೊಂಡಿದ್ದ ಪೆರುವಿನ ಕಣಿವೆಗಳಲ್ಲಿ ಸೋತವರಿಗೆ ತಲೆಬಾಗುವುದೊಂದೇ ಉಳಿದ ದಾರಿ.

ತಾಳಗುಂದದ ಸಾಕ್ಷ್ಯ

ಬಲದಿಂದ ಪ್ರಭುತ್ವ ಮೂಡಿದ ಬಗೆಯನ್ನು ಮುಚ್ಚುಮರೆಯಿಲ್ಲದೆ ಹೇಳುವ ದಾಖಲೆಯೊಂದು ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿದೆ. ಕವಿ ಕುಬ್ಜ ರಚಿಸಿದ, 5ನೆಯ ಶತಮಾನದ ಈ ಸಂಸ್ಕೃತ ಸ್ತಂಭಶಾಸನದ ಪ್ರಕಾರ, ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಂದಿಗಿನ ಜಗಳದಲ್ಲಿ ಅವಮಾನಗೊಂಡು ಕತ್ತಿ ಹಿಡಿದ. ಗಡಿಕಾವಲಿನ ಅಂತಪಾಲರನ್ನು ಸೋಲಿಸಿ, ಶ್ರೀಪರ್ವತದ ಕಾಡನ್ನು ಆಕ್ರಮಿಸಿ, ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿದ. ಅವನನ್ನು ಅಡಗಿಸಲಾರದ ಪಲ್ಲವರು ಕೊನೆಗೆ ಅವನಿಗೆ ಪಟ್ಟಕಟ್ಟಿ ನೆಲ ಬಿಟ್ಟುಕೊಟ್ಟರು. ನೆಲೆಸಿದ ಪ್ರಭುತ್ವವೊಂದರ ಅಂಚಿನಲ್ಲಿ ಬಲ, ಕಪ್ಪ, ಮನ್ನಣೆ ಎಂಬ ಕ್ರಮದಲ್ಲಿ ಕದಂಬ ರಾಜ್ಯ ಹುಟ್ಟಿತು.

ಅರಾಜಕತಾವಾದದ ವಾದಸರಣಿ

ಪ್ರಭುತ್ವವೂ ಸಮಾಜವೂ ಒಂದೇ ಅಲ್ಲ ಎಂಬುದು ಅರಾಜಕತಾವಾದದ ತಳಹದಿ. ಅದು ಬಯಸುವುದು ದೊಂಬಿಯನ್ನಲ್ಲ, ಮೇಲಿನಿಂದ ಹೇರದ, ಒಪ್ಪಿಗೆಯಿಂದ ಮೂಡುವ ವ್ಯವಸ್ಥೆಯನ್ನು. ಇಂಗ್ಲೆಂಡಿನ ವಿಲಿಯಂ ಗಾಡ್ವಿನ್ 1793ರಲ್ಲಿ ಇದರ ತಾತ್ವಿಕ ರೂಪರೇಖೆ ಕೊಟ್ಟ. ಫ್ರಾನ್ಸಿನ ಪ್ರೂಧೋಂ 1840ರಲ್ಲಿ ತಾನು ಅರಾಜಕತಾವಾದಿ ಎಂದು ಬಹಿರಂಗವಾಗಿ ಘೋಷಿಸಿಕೊಂಡ. ರಷ್ಯದ ಬಕೂನಿನ್ ಕಾರ್ಮಿಕರ ಹೆಸರಿನಲ್ಲಿ ಅಧಿಕಾರ ಹಿಡಿಯುವವರೂ ಹೊಸ ಆಳುವ ವರ್ಗವಾಗುತ್ತಾರೆಂದು ಮಾರ್ಕ್ಸ್‌ನ ಜೊತೆ ವಾದಿಸಿ, 1872ರ ಹೇಗ್ ಅಧಿವೇಶನದಲ್ಲಿ ಕಾರ್ಮಿಕರ ಅಂತರರಾಷ್ಟ್ರೀಯ ಸಂಘಟನೆಯಾದ ಮೊದಲ ಇಂಟರ್‌ನ್ಯಾಷನಲ್‌ನಿಂದ ಉಚ್ಚಾಟಿತನಾದ. 1921ರಲ್ಲಿ ಕ್ರಾನ್‌ಸ್ಟಾಟ್ ನಾವಿಕರ ದಂಗೆಯನ್ನು ಬೋಲ್ಷೆವಿಕ್ ಸರ್ಕಾರ ತುಳಿದುಹಾಕಿದ್ದು ಅವನ ಎಚ್ಚರಿಕೆಗೆ ಬಲ ನೀಡಿತು.

ಭೂಗೋಳಜ್ಞ ಪೀಟರ್ ಕ್ರೊಪೊಟ್ಕಿನ್ ಅರಾಜಕತಾವಾದಕ್ಕೆ ಇತಿಹಾಸದ ಆಧಾರ ಒದಗಿಸಿದ. ಪರಸ್ಪರ ಸಹಾಯವನ್ನು ಕುರಿತ 1902ರ ಕೃತಿಯಲ್ಲಿ ಪ್ರಾಣಿಗಳ ಗುಂಪುಬಾಳು, ಹಳ್ಳಿಗಳ ಸಾಮೂಹಿಕ ಭೂಮಿ, ಮಧ್ಯಯುಗದ ನಗರಗಳ ವೃತ್ತಿಸಂಘಗಳನ್ನು ಪರಿಶೀಲಿಸಿ, ಉಳಿವಿಗೆ ಪೈಪೋಟಿಯಷ್ಟೇ ಸಹಕಾರವೂ ಕಾರಣವೆಂದು ತೋರಿಸಿದ. ಫ್ರೆಂಚ್ ಮಾನವಶಾಸ್ತ್ರಜ್ಞ ಪಿಯರ್ ಕ್ಲಾಸ್ತ್ರ್ 1974ರಲ್ಲಿ, ದಕ್ಷಿಣ ಅಮೆರಿಕದ ಕೆಲವು ಬುಡಕಟ್ಟುಗಳ ಮುಖ್ಯಸ್ಥನಿಗೆ ಗೌರವವಿದ್ದರೂ ಅಪ್ಪಣೆ ಮಾಡುವ ಅಧಿಕಾರವಿಲ್ಲವೆಂದೂ, ಅವರು ಪ್ರಭುತ್ವ ಮೂಡದಂತೆ ತಾವಾಗಿ ತಡೆದವರೆಂದೂ ಪ್ರತಿಪಾದಿಸಿದ.

ಪ್ರಯೋಗ ಮತ್ತು ಮಿತಿಗಳು

1936ರ ಜುಲೈಯಲ್ಲಿ ಸ್ಪೇನಿನ ಸೇನಾದಂಗೆಯನ್ನು ಎದುರಿಸಿದ ಅರಾಜಕತಾವಾದಿ ಕಾರ್ಮಿಕ ಒಕ್ಕೂಟ ಸಿಎನ್‌ಟಿಯ ಸದಸ್ಯರು ಬಾರ್ಸಿಲೋನಾದ ಟ್ರಾಮ್‌ಗಳನ್ನೂ ಕಾರ್ಖಾನೆಗಳನ್ನೂ ತಾವೇ ನಡೆಸಿದರು. ಅರಗಾನ್ ಹಳ್ಳಿಗಳಲ್ಲಿ ಸಾಮೂಹಿಕ ಬೇಸಾಯ ಹಬ್ಬಿತು. ಆದರೆ ಯುದ್ಧದ ಒತ್ತಡದಲ್ಲಿ ಅದೇ ನವೆಂಬರಿನಲ್ಲಿ ಅರಾಜಕತಾವಾದಿಗಳು ಸರ್ಕಾರದಲ್ಲಿ ಮಂತ್ರಿಗಳಾದರು. ದಂಗೆಯ ವಿರೋಧಿಗಳ ನಡುವೆಯೇ ನಡೆದ 1937ರ ಮೇ ತಿಂಗಳ ಒಳಜಗಳ ಮತ್ತು ದಂಗೆಯ ನಾಯಕ ಫ್ರಾಂಕೋನ 1939ರ ಗೆಲುವು ಈ ಪ್ರಯೋಗವನ್ನು ಮುಗಿಸಿದವು. ಶಸ್ತ್ರಸಜ್ಜಿತ ಶತ್ರುವಿನ ಎದುರು ಆತ್ಮರಕ್ಷಣೆ ಹೇಗೆ ಎಂಬ ಪ್ರಶ್ನೆಗೆ ಈ ಪಂಥ ಸಮರ್ಪಕ ಉತ್ತರ ಕೊಟ್ಟಿಲ್ಲ. ಇಟಲಿಯ ದೊರೆ ಉಂಬರ್ಟೋ (1900), ಅಮೆರಿಕದ ಅಧ್ಯಕ್ಷ ಮೆಕಿನ್ಲಿ (1901) ಇವರನ್ನು ಅರಾಜಕತಾವಾದಿಗಳು ಹತ್ಯೆ ಮಾಡಿದ್ದು ಪಂಥದ ಹೆಸರಿಗೆ ಕಳಂಕ ತಂದಿತು.

ಭಾರತದಲ್ಲಿ ಟಾಲ್‌ಸ್ಟಾಯ್ ಬರಹಗಳ ಪ್ರಭಾವಕ್ಕೊಳಗಾದ ಗಾಂಧೀಜಿ ಕೇಂದ್ರೀಕೃತ ಪ್ರಭುತ್ವವನ್ನು ಹಿಂಸೆಯ ರೂಪವೆಂದೇ ಕಂಡರು. 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರಾದ ಎಂ.ಪಿ.ಟಿ. ಆಚಾರ್ಯ ಮುಂದೆ ಅರಾಜಕತಾವಾದಿಯಾದರು. ಇವರೆಲ್ಲರ ನಿಲುವಿಗೆ ಗಟ್ಟಿಯಾದ ಸವಾಲು ಅಂಬೇಡ್ಕರರದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯ ವೈಭವೀಕರಣವನ್ನು ನಿರಾಕರಿಸಿದರು. ದಲಿತರಿಗೆ ಕೆರೆಯ ನೀರು ಮುಟ್ಟಗೊಡದ ಜಾತಿ ವ್ಯವಸ್ಥೆಗೆ ಪೊಲೀಸು, ಸೇನೆ ಬೇಕಿರಲಿಲ್ಲ. ದಬ್ಬಾಳಿಕೆ ಪ್ರಭುತ್ವದಲ್ಲಿ ಮಾತ್ರವಲ್ಲ, ಸಮಾಜದ ಒಳಗೂ ಇದೆ.

ಮೌಲ್ಯಮಾಪನ

ಪ್ರಭುತ್ವ ಹುಟ್ಟಿದ್ದು ಒಂದೇ ಕಾರಣದಿಂದಲ್ಲ. ಧಾನ್ಯ, ಬಲ, ನೆಲದ ಇಕ್ಕಟ್ಟು, ಜನರ ಭಯ ಮತ್ತು ಒಪ್ಪಿಗೆಗಳು ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಬೆರೆತವು. ಪ್ರಭುತ್ವವಿಲ್ಲದ ದೊಡ್ಡ ಕೈಗಾರಿಕಾ ಸಮಾಜವನ್ನು ಉಳಿಸಿ ತೋರಿಸುವುದು ಅರಾಜಕತಾವಾದಕ್ಕೆ ಸಾಧ್ಯವಾಗಿಲ್ಲ. ಆದರೂ ಅದರ ಮೂಲ ಬೇಡಿಕೆ ನ್ಯಾಯವಾದದ್ದು: ಅಧಿಕಾರ ಬೇಕೆನ್ನುವವರು ಅದರ ಅಗತ್ಯವನ್ನು ಸಾಬೀತು ಮಾಡಬೇಕು, ಆ ಹೊಣೆ ಆಳಿಸಿಕೊಳ್ಳುವವರದಲ್ಲ. ಅಂಬೇಡ್ಕರರ ಎಚ್ಚರದೊಂದಿಗೆ ಈ ಬೇಡಿಕೆಯನ್ನು ಸರ್ಕಾರಕ್ಕೂ ಜಾತಿಗೂ ಆಸ್ತಿಗೂ ಸಮನಾಗಿ ಅನ್ವಯಿಸಿದಾಗಲೇ ಅದು ಪೂರ್ಣವಾಗುತ್ತದೆ.