ಪರಿಚಯವೇ ಇಲ್ಲದವರಿಗಾಗಿ ಸೋತ ಶಾಸಕ

ಕೆನಡಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1963ರಲ್ಲಿ ಗುಂಡಿಗೆ ಬಲಿಯಾದ ಅಮೆರಿಕದ ಅಧ್ಯಕ್ಷರು. ಅದೇ ಹೆಸರಿನ ಇನ್ನೊಬ್ಬರು ಅವರಿಗಿಂತ ಬಹಳ ಹಿಂದೆ ಮೇರಿಲ್ಯಾಂಡ್ ಎಂಬ ರಾಜ್ಯದ ಶಾಸನಸಭೆಯಲ್ಲಿದ್ದರು. ಸಂಸತ್ತಿಗೆ ಅವರು ಹೋಗಲಿಲ್ಲ. ಆದರೆ ಅಲ್ಪಸಂಖ್ಯಾತರ ಹಕ್ಕಿಗಾಗಿ ಬಹುಸಂಖ್ಯಾತ ಸಮುದಾಯದ ಒಬ್ಬ ರಾಜಕಾರಣಿ ಏನು ಮಾಡಬಹುದು, ಅದಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಥಾಮಸ್ ಕೆನಡಿಯವರ ಬದುಕನ್ನು ನಾವು ನೋಡಲೇಬೇಕು.

ಕೆನಡಿ ಹುಟ್ಟಿದ್ದು 1776ರಲ್ಲಿ, ಸ್ಕಾಟ್‌ಲೆಂಡಿನ ಪೈಸ್ಲಿ ಎಂಬ ಊರಿನಲ್ಲಿ. ಇಪ್ಪತ್ತರ ಹರೆಯದಲ್ಲಿ ಅಮೆರಿಕಕ್ಕೆ ವಲಸೆ ಬಂದು ಮೇರಿಲ್ಯಾಂಡಿನ ಪಶ್ಚಿಮ ಭಾಗದಲ್ಲಿ ನೆಲೆಸಿದರು. ಕವಿತೆ ಬರೆಯುವ ಹುಚ್ಚಿತ್ತು. 1816ರಲ್ಲಿ ಅವರ ಕವನ ಸಂಕಲನ ಪ್ರಕಟವಾಯಿತು. ಮರುವರ್ಷ ಶಾಸನಸಭೆಗೆ ಆಯ್ಕೆಯಾದರು.

ಅವರು ಹುಟ್ಟಿದ ವರ್ಷವೇ ಮೇರಿಲ್ಯಾಂಡ್ ತನ್ನ ಮೊದಲ ಸಂವಿಧಾನವನ್ನು ಬರೆದುಕೊಂಡಿತ್ತು. ಸರ್ಕಾರದ ಯಾವುದೇ ಹುದ್ದೆಗೆ ಬರುವವರು ತಮಗೆ ಕ್ರೈಸ್ತ ಧರ್ಮದಲ್ಲಿ ನಂಬಿಕೆಯಿದೆಯೆಂದು ಘೋಷಿಸಬೇಕು ಎಂಬ ವಿಧಿ ಅದರಲ್ಲಿತ್ತು. ಮುಂದೆ ಬಂದ ಅಮೆರಿಕ ಒಕ್ಕೂಟದ ಸಂವಿಧಾನ ಇಂಥ ಧರ್ಮಪರೀಕ್ಷೆಯನ್ನು ನಿಷೇಧಿಸಿತಾದರೂ ಆ ನಿಷೇಧ ಒಕ್ಕೂಟದ ಹುದ್ದೆಗಳಿಗಷ್ಟೇ ಅನ್ವಯಿಸುತ್ತಿತ್ತು. ಪರಿಣಾಮ ವಿಚಿತ್ರವಾಗಿತ್ತು. ಬಾಲ್ಟಿಮೋರಿನ ಯಹೂದಿ ರೂಬೆನ್ ಎಟಿಂಗ್ ಅವರನ್ನು ಅಧ್ಯಕ್ಷ ಜೆಫರ್ಸನ್ 1801ರಲ್ಲಿ ಒಕ್ಕೂಟ ಸರ್ಕಾರದ ಮಾರ್ಷಲ್ ಆಗಿ ನೇಮಿಸಿದರು. ಅದೇ ಎಟಿಂಗ್ ತಮ್ಮ ರಾಜ್ಯದಲ್ಲಿ ಒಂದು ಸಣ್ಣ ಹುದ್ದೆಗೂ ಅರ್ಹರಾಗಿರಲಿಲ್ಲ. 1814ರಲ್ಲಿ ಬ್ರಿಟಿಷರು ಬಾಲ್ಟಿಮೋರಿನ ಮೇಲೆ ದಾಳಿ ಮಾಡಿದಾಗ ಕೋಟೆಯ ರಕ್ಷಣೆಗೆ ನಿಂತವರಲ್ಲಿ ಮೆಂಡಿಸ್ ಕೋಹೆನ್ ಎಂಬ ಯಹೂದಿ ಯುವಕನೂ ಇದ್ದ. ನಾಡಿಗಾಗಿ ಸಾಯಲು ಯೋಗ್ಯತೆಯಿತ್ತು, ಅಧಿಕಾರಕ್ಕೆ ಇರಲಿಲ್ಲ.

ಸೋಲೊಮನ್ ಎಟಿಂಗ್ ಮೊದಲಾದವರು 1797ರಿಂದಲೇ ಅರ್ಜಿ ಹಾಕುತ್ತಿದ್ದರು. ಫಲ ಸಿಕ್ಕಿರಲಿಲ್ಲ. 1818ರಲ್ಲಿ ಕೆನಡಿ ಈ ವಿಷಯವನ್ನು ಕೈಗೆತ್ತಿಕೊಂಡು ಮಸೂದೆ ತಂದರು. ಆಗ ಅವರು ಸಭೆಗೆ ಹೇಳಿದ ಒಂದು ಮಾತು ಗಮನಿಸಬೇಕಾದದ್ದು: ತನ್ನ ಜಿಲ್ಲೆಯಲ್ಲಿ ಯಹೂದಿಗಳಿಲ್ಲ, ತನಗೆ ಒಬ್ಬ ಯಹೂದಿಯ ಪರಿಚಯವೂ ಇಲ್ಲ. ಇಡೀ ರಾಜ್ಯದಲ್ಲೇ ಅವರ ಸಂಖ್ಯೆ ಸುಮಾರು 150. ಅಂದರೆ ಓಟಿನ ಲೆಕ್ಕದಲ್ಲಿ ಕೆನಡಿಗೆ ಲಾಭ ಸೊನ್ನೆ, ನಷ್ಟವೇ ಎಲ್ಲ.

ಮಸೂದೆ 50–24 ಮತಗಳಿಂದ ಬಿದ್ದುಹೋಯಿತು. ಕೆನಡಿ ಪಟ್ಟು ಬಿಡಲಿಲ್ಲ. 1822ರಲ್ಲಿ ಅದು ಅಂಗೀಕಾರವಾದರೂ ಸಂವಿಧಾನದ ತಿದ್ದುಪಡಿಯನ್ನು ಮುಂದಿನ ಚುನಾವಣೆಯಲ್ಲಿ ಗೆದ್ದುಬಂದ ಸಭೆ ಮತ್ತೊಮ್ಮೆ ಒಪ್ಪಬೇಕಿತ್ತು. 1823ರ ಆ ಚುನಾವಣೆಯಲ್ಲಿ ಬೆಂಜಮಿನ್ ಗ್ಯಾಲವೇ ಎಂಬವರು 'ಕ್ರೈಸ್ತರ ಪಟ್ಟಿ' ಎಂಬ ಹೆಸರಿನಲ್ಲಿ ಕೆನಡಿಯ ವಿರುದ್ಧ ನಿಂತರು. ಕೆನಡಿಯವರದು 'ಯಹೂದಿಗಳ ಪಟ್ಟಿ' ಎಂಬ ಪ್ರಚಾರವಾಯಿತು. ಸ್ವತಃ ಧರ್ಮನಿಷ್ಠ ಕ್ರೈಸ್ತರಾಗಿದ್ದ ಕೆನಡಿ ಧರ್ಮದ ವೈರಿಯಂತೆ ಕಂಡರು, ಸೋತರು. ಮಸೂದೆಯ ಪರ ಮತ ಹಾಕಿದ್ದ 40 ಸದಸ್ಯರಲ್ಲಿ ಮರಳಿ ಬಂದವರು 16 ಮಾತ್ರ. ಧರ್ಮ ಅಪಾಯದಲ್ಲಿದೆ ಎಂಬ ಕೂಗು ಚುನಾವಣೆ ಗೆಲ್ಲಿಸಿಕೊಡುವುದು ನಮ್ಮ ಕಾಲದ ಶೋಧವೇನಲ್ಲ.

ಆದರೂ ಕೆನಡಿ ಮತ್ತೆ ಸ್ಪರ್ಧಿಸಿ ಗೆದ್ದು ಬಂದರು. 1825ರ ಫೆಬ್ರವರಿ 26ರಂದು, ಅಧಿವೇಶನದ ಕೊನೆಯ ದಿನ, 80 ಸದಸ್ಯರಲ್ಲಿ 51 ಮಂದಿಯಷ್ಟೇ ಹಾಜರಿದ್ದಾಗ, 26–25ರ ಒಂದೇ ಮತದ ಅಂತರದಿಂದ ಮಸೂದೆ ಪಾರಾಯಿತು. 1826ರ ಜನವರಿಯಲ್ಲಿ ಹೊಸ ಸಭೆ ಅದನ್ನು ಸ್ಥಿರಪಡಿಸಿತು. ಅದೇ ವರ್ಷ ಸೋಲೊಮನ್ ಎಟಿಂಗ್ ಮತ್ತು ಜೇಕಬ್ ಕೋಹೆನ್ ಬಾಲ್ಟಿಮೋರ್ ನಗರಸಭೆಗೆ ಆಯ್ಕೆಯಾದರು. ಆರು ವರ್ಷಗಳ ಬಳಿಕ, 1832ರಲ್ಲಿ, ಕೆನಡಿ ಕಾಲರಾಕ್ಕೆ ಬಲಿಯಾದರು. ಹೇಗರ್ಸ್‌ಟೌನಿನಲ್ಲಿರುವ ಅವರ ಸಮಾಧಿಯ ಮೇಲೆ ಸ್ಮಾರಕ ನಿಲ್ಲಿಸಿದವರು ಮುಂದಿನ ಶತಮಾನದ ಯಹೂದಿಗಳು.

ಈ ಗೆಲುವಿನ ಮಿತಿಯನ್ನೂ ನಾವು ಮರೆಯಬಾರದು. ಹೊಸ ಕಾನೂನು ಧರ್ಮಪರೀಕ್ಷೆಯನ್ನು ರದ್ದು ಮಾಡಲಿಲ್ಲ. ಯಹೂದಿಯಾದವನು ಕ್ರೈಸ್ತ ಘೋಷಣೆಯ ಬದಲು ಪರಲೋಕದ ಶಿಕ್ಷೆ, ಪ್ರತಿಫಲಗಳಲ್ಲಿ ತನಗೆ ನಂಬಿಕೆಯಿದೆ ಎಂದರೆ ಸಾಕೆಂದಿತು. ಆ ನಂಬಿಕೆ ಮುಸ್ಲಿಮರಿಗೂ ಇದೆ; ಆದರೆ ಕಾನೂನಿನಲ್ಲಿ ಅವರ ಹೆಸರಿರಲಿಲ್ಲ. ಕರಿಯರ ಮಾತಂತೂ ಬೇರೆಯೇ. ಮೇರಿಲ್ಯಾಂಡ್ ಆಗ ಗುಲಾಮಗಿರಿಯ ರಾಜ್ಯ. 1867ರ ಸಂವಿಧಾನ ದೇವರಲ್ಲಿ ನಂಬಿಕೆಯಿದ್ದರೆ ಸಾಕೆಂದು ಬಾಗಿಲನ್ನು ಇನ್ನಷ್ಟು ತೆರೆಯಿತು. ಆ ಘೋಷಣೆಯನ್ನೂ ಮಾಡಲೊಲ್ಲದ ರಾಯ್ ಟೊರ್ಕಾಸೊ ನೋಟರಿ ಹುದ್ದೆ ತಪ್ಪಿದ್ದಕ್ಕೆ ನ್ಯಾಯಾಲಯಕ್ಕೆ ಹೋದರು. 1961ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಾಗಲೇ ಈ ಪರೀಕ್ಷೆ ಕೊನೆಗೊಂಡದ್ದು.

ಒಂದು ಸಮುದಾಯಕ್ಕೆ ವಿನಾಯಿತಿ ಕೊಡುವುದು ಬೇರೆ, ಎಲ್ಲರಿಗೂ ಹಕ್ಕು ಒಪ್ಪುವುದು ಬೇರೆ. ಎರಡನೆಯದಕ್ಕೆ ಮೇರಿಲ್ಯಾಂಡಿಗೆ 185 ವರ್ಷ ಹಿಡಿಯಿತು. ಹಕ್ಕು ಕಳೆದುಕೊಂಡವರು ತಮ್ಮ ಹಕ್ಕು ಕೇಳುವುದು ಸಹಜ. ಪಕ್ಕದವರ ಹಕ್ಕಿಗಾಗಿ ತನ್ನ ಸ್ಥಾನವನ್ನೇ ಕಳೆದುಕೊಂಡು, ಮತ್ತೆ ಅದೇ ಮಾತು ಹೇಳಲು ಮರಳಿ ಬರುವವರು ಅಪರೂಪ. ಅಂಥವರು ಯಾವ ಧರ್ಮದವರೇ ಆಗಿರಲಿ, ಅವರ ಹೆಸರು ನಮ್ಮ ಮಕ್ಕಳಿಗೂ ಗೊತ್ತಿರಬೇಕು.